ಮೂರನೇ ಒನ್ಸ್‌ಮೋರ್

ಮನುಷ್ಯರ ಗುರುತು ಮುಖದಲ್ಲಿದೆ ಎಂದು ಕಾಯ್ದೆ ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರು ಜನ್ಮದಲ್ಲಿ ಒಂದು ಕಂಪನಿ ನಾಟಕ ನೋಡಿದವರಲ್ಲ ಎಂಬುದು ಮಾತ್ರ ಖಂಡಿತ. ನೋಡಿದ್ದರೆ ತಿಳಿದಿರುತ್ತಿತ್ತು. ಮಂದಾಕಿನಿ ಗಜೇಂದ್ರಗಡ ಗಂಡಸಿನ ವೇಷ ಹಾಕಿ, ಮುಖಕ್ಕೆ ಗಡ್ಡ ಮೀಸೆ ಅಂಟಿಸಿಕೊಂಡು, ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತರೂ ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತವರು ‘ಬಂದ್ಲು ನೋಡ್ರಪಾ’ ಎಂದು ಸೆಟೆದು ಕೂರುತ್ತಿದ್ದರು. ಆಕೆ ನನ್ನ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ಇದನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ, ಅದನ್ನು ಮುಚ್ಚಿಡುವ ಇರಾದೆಯೂ ಇಲ್ಲ.

ನಾನು ನೀಲಗಂಗಾ, ಹುಬ್ಬಳ್ಳಿಯ ಆಪ್ತಯಂತ್ರ ಪರೀಕ್ಷಾಲಯದಲ್ಲಿ ಎಂಜಿನಿಯರ್. ಆಪ್ತಯಂತ್ರ ಎನ್ನುವುದು ಸರಕಾರ ಇಟ್ಟ ಹೆಸರು; ಜನ ‘ಜೋಡಿಬೊಂಬೆ’ ಎನ್ನುತ್ತಾರೆ. ಅದರ ಮೈ ಮನುಷ್ಯರ ಮೈಯಷ್ಟೇ ಬೆಚ್ಚಗಿರುತ್ತದೆ, ಉಸಿರಾಡಿದಂತೆ ಎದೆ ಏರಿಳಿಯುತ್ತದೆ. ಹರಟೆಗೂ ಆಗುತ್ತದೆ, ಹಾಸಿಗೆಗೂ ಆಗುತ್ತದೆ. ಮೊದಮೊದಲು ‘ಕಲಿಗಾಲ ಬಂತು’ ಎಂದು ಬಾಯಿ ಬಡಿದುಕೊಂಡವರೇ ಆಮೇಲೆ ದನಿ ತಗ್ಗಿಸಿ, ಹುಬ್ಬಳ್ಳಿಯಲ್ಲಿ ಒಳ್ಳೆಯದು ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ವಿಚಾರಿಸಿದ್ದಾರೆ. ನಾನು ಅವರನ್ನು ನೋಡಿ ನಗುವವಳಲ್ಲ. ಹೆಂಡತಿ ತೀರಿಕೊಂಡ ಮಾಸ್ತರರು, ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಹೆಣ್ಣುಮಗಳು, ಮನುಷ್ಯರು ಮುಟ್ಟಿದರೇ ಬೆಚ್ಚಿಬೀಳುವಷ್ಟು ಪೆಟ್ಟು ತಿಂದವರು, ಎಲ್ಲರನ್ನೂ ಈ ಕೆಲಸದಲ್ಲಿ ಕಂಡಿದ್ದೇನೆ. ಒಂಟಿತನಕ್ಕೆ ಜಾತಿ ಕುಲ ಇಲ್ಲ.

ಕಾನೂನು ಈ ಬೊಂಬೆಗಳ ವಿಷಯದಲ್ಲಿ ಹೇಳಿದ್ದು ಸ್ವಲ್ಪವೇ. ಮಕ್ಕಳ ರೂಪದಲ್ಲಿ ಮಾಡಕೂಡದು. ಬದುಕಿರುವ ಯಾರದೇ ಮುಖವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಕೂಡದು. ಇವೆರಡು ಬಿಟ್ಟರೆ, ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದು ಕಾನೂನಿಗೆ ಸಂಬಂಧಿಸಿದ್ದಲ್ಲ. ಏಕೆಂದರೆ ಆ ಕೋಣೆಯಲ್ಲಿರುವುದು ಒಬ್ಬರೇ ವ್ಯಕ್ತಿ. ಒಬ್ಬರೇ ಇರುವಲ್ಲಿ ಒಪ್ಪಿಗೆಯ ಪ್ರಶ್ನೆ ಎಲ್ಲಿಂದ ಬರಬೇಕು? ಹೀಗಾಗಿ ನನ್ನ ಕೆಲಸವೂ ಸರಳವಾಗಿತ್ತು. ಬೊಂಬೆಯ ಮುಖ ಅಳೆಯುವುದು, ಯಾರನ್ನೂ ಹೋಲುವುದಿಲ್ಲ ಎಂದು ಖಾತ್ರಿಯಾದರೆ ಪರವಾನಗಿಗೆ ಸಹಿ ಹಾಕುವುದು.

ಆ ಸಹಿ ‘ಮಧುರಾ’ ಬರುವವರೆಗೆ ಎಂದೂ ನಿಂತಿರಲಿಲ್ಲ.

ಮಧುರಾ ‘ಸಹಚರ’ ಎಂಬ ಕಂಪನಿಯ ಹೊಸ ಬೊಂಬೆ. ಮಾರುಕಟ್ಟೆಗೆ ಬರುವ ಮೊದಲೇ ಸಾವಿರಾರು ಜನ ಕಾದು ನಿಂತಿದ್ದರು. ಉಳಿದ ಬೊಂಬೆಗಳ ಚರ್ಮ, ಕೂದಲು, ದನಿ ಎಲ್ಲ ಚೊಕ್ಕವಾಗಿದ್ದರೂ ಕೆಲವು ತಿಂಗಳಲ್ಲಿ ಮನೆಯವರಿಗೆ ಬೇಸರ ಬಂದುಬಿಡುತ್ತಿತ್ತು. ಅವುಗಳ ನೋಟ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಒಂದೋ ಮುಂಚೆ, ಇಲ್ಲವೇ ತಡ. ಮಧುರಾ ಹಾಗಲ್ಲ. ಒಮ್ಮೆ ನೋಡಿ, ರೆಪ್ಪೆ ತಗ್ಗಿಸಿ, ಎದುರಿನವರು ಇನ್ನೇನು ಕಣ್ಣು ತೆಗೆಯಬೇಕು ಎನ್ನುವಾಗ ಮತ್ತೆ ನೋಡುತ್ತಿತ್ತು. ನಿಜವಾದ ಮನುಷ್ಯರ ಚಲನೆಯನ್ನು ದಾಖಲಿಸಿ, ಆ ರಾಶಿಯಿಂದಲೇ ಯಂತ್ರಕ್ಕೆ ಕಲಿಸಿದ್ದೇವೆ ಎಂದು ಕಂಪನಿ ಜಂಬ ಕೊಚ್ಚಿಕೊಂಡಿತ್ತು. ಯಾರ ಚಲನೆ ಎಂದು ಹೇಳಿರಲಿಲ್ಲ.

ಪರೀಕ್ಷಾ ಕೊಠಡಿಯ ನಡುವೆ ಒಂದು ಕಟ್ಟೆ ಇದೆ. ಬೊಂಬೆ ಅದನ್ನು ಹತ್ತಿ, ನಡೆದು ತೋರಿಸಬೇಕು. ಮಧುರಾ ಕಟ್ಟೆಯ ಹತ್ತಿರ ಬಂದು ನಿಂತಿತು. ಮೈಮೇಲೆ ಇದ್ದದ್ದು ಪ್ಯಾಂಟು, ಅಂಗಿ. ಆದರೂ ಎಡಗೈ ಕೆಳಗಿಳಿದು, ಇಲ್ಲದ ಸೀರೆಯ ನಿರಿಗೆ ಹಿಡಿದು ಎತ್ತಿತು. ಆಮೇಲೆ ಬಗ್ಗಿ ಕಟ್ಟೆಯ ಅಂಚು ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಂಡು, ಬಲಗಾಲಿಟ್ಟು ಮೇಲೆ ಹತ್ತಿತು.

ನಮ್ಮ ಮುಖ್ಯಸ್ಥರು ಡಾ. ಚಿಕ್ಕಲಿಂಗಯ್ಯ, ಮಂಡ್ಯದ ಕಡೆಯವರು. ಅವರಿಗೆ ನಗು ಬಂತು. “ಏನಮ್ಮಾ ನೀಲಗಂಗಾ, ಇದು ಪೂಜೆಗೀಜೆನೂ ಮಾಡ್ತದಾ?” ಎಂದರು.

ನನಗೆ ನಗು ಬರಲಿಲ್ಲ. ರಂಗದ ಮೇಲೆ ಕಾಲಿಡುವ ಮೊದಲು ರಂಗ ಮುಟ್ಟಿ ನಮಸ್ಕರಿಸುವುದು ನಾಟಕದವರೆಲ್ಲ ಮಾಡುವುದೇ. ಆದರೆ ಆ ನಿರಿಗೆ ಎತ್ತುವ ರೀತಿ, ಕಿರುಬೆರಳನ್ನು ಮಾತ್ರ ದೂರ ಇಟ್ಟು ಉಳಿದ ಬೆರಳಲ್ಲಿ ಹಿಡಿಯುವುದು, ನಾನು ಚಿಕ್ಕವಳಿದ್ದಾಗ ಪರದೆಯ ಸಂದಿಯಿಂದ ನೂರು ಸಲ ನೋಡಿದ್ದು. ದೊಡ್ಡವ್ವನ ನಾಟಕದ ಸೀರೆ ಸುತ್ತಿಕೊಂಡು ಕನ್ನಡಿ ಮುಂದೆ ನಾನೂ ಹಾಗೇ ಎತ್ತಿ ನೋಡಿದ್ದೆ. ಒಂದು ದಿನವೂ ಬಂದಿರಲಿಲ್ಲ.

ಮುಖ ಅಳೆದೆ. ಮೂಗು ಬೇರೆ, ಬಣ್ಣ ಬೇರೆ, ಕಣ್ಣು ದೊಡ್ಡದು. ಹೋಲಿಕೆ ಇಲ್ಲ ಎಂದಿತು ಅಳತೆಯ ಯಂತ್ರ. ಮುಂದಿನದು ಬಾಳಿಕೆಯ ಪರೀಕ್ಷೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ಮಾಡಿಸಬೇಕು. ಮೊದಲ ಸಲ ಮಾಡಿತು. ಮತ್ತೆ ಎಂದಾಗ ಮಾಡಿತು, ಮತ್ತೂ ಎಂದಾಗಲೂ ಮಾಡಿತು. ಇನ್ನೊಮ್ಮೆ ಎಂದಾಗ ಎರಡು ಕೈಗಳೂ ಸೊಂಟದಿಂದ ಒಂದು ಗೇಣು ಮೇಲೆದ್ದು, ನಡುಗಿ, ಕೆಳಗೆ ಬಿದ್ದವು. ಆಮೇಲೆ ಹೇಳಿದ್ದನ್ನು ಮಾಡಿತು.

“ಹೆಗಲ ಕೀಲು ಸಡಿಲ ಇರ್ಬೇಕು. ಬರ್ಕೊಳಮ್ಮ,” ಎಂದರು ಚಿಕ್ಕಲಿಂಗಯ್ಯನವರು.

“ಸರ್, ಇದು ನಮ್ಮ ದೊಡ್ಡವ್ವ,” ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾನು ಎಲ್ಲ ಹೇಳಿದ ಮೇಲೆ ತಲೆ ಕೆರೆದುಕೊಂಡು ಕುಳಿತರು. “ಮುಖ ಹೊಂದಲ್ಲ, ಅಲ್ವಾ? ಕಾನೂನಲ್ಲಿ ಇರೋದು ಮುಖ ಒಂದೇ. ನಡಿಗೆಗೆ ವಾರಸುದಾರರು ಉಂಟಾ? ಇನ್ನು ಯಂತ್ರಕ್ಕೆ ಒಪ್ಪಿಗೆ ಕೇಳ್ಬೇಕು ಅಂದ್ರೆ ನಾಳೆ ಮಿಕ್ಸಿಗೂ ಕೇಳ್ಬೇಕಾಗ್ತದೆ, ನೋಡು.” ಹಾಗೆಂದವರು ಪರವಾನಗಿಗೆ ಸಹಿ ಹಾಕೆಂದು ನನಗೆ ಹೇಳಲಿಲ್ಲ. ಆಪ್ತಯಂತ್ರ ನ್ಯಾಯಮಂಡಳಿ ತೀರ್ಮಾನಿಸಲಿ ಎಂದು ಧಾರವಾಡಕ್ಕೆ ಬರೆದು ಹಾಕಿದರು. ಮಂಡ್ಯದವರ ಮೇಲೆ ನನಗೆ ಅಂದಿನಿಂದ ವಿಶೇಷ ಗೌರವ.

ಮೊಣಕಾಲಿನ ಆಪರೇಷನ್ ಆದಮೇಲೆ ದೊಡ್ಡವ್ವ ನಮ್ಮ ಮನೆಯಲ್ಲೇ ಇದ್ದಳು. ಮನೆಯಲ್ಲಿ ನಾನು, ನಮ್ಮವ್ವ, ಈಕೆ, ಮೂವರೇ. ಅಕ್ಕತಂಗಿಯರ ನಡುವೆ ಮಾತೆಂದರೆ ‘ಉಪ್ಪು ಹಾಕ್ಲೇನು’, ‘ಸಾಕು’, ಅಷ್ಟೇ. ಅವ್ವನ ಮದುವೆ ಗೊತ್ತಾದಾಗ, ನಾಟಕದಾಕೆ ಅಕ್ಕಿಕಾಳು ಹಾಕಲು ಬಂದರೆ ನಾವು ಹಂದರದಿಂದ ಎದ್ದು ಹೋಗುತ್ತೇವೆ ಎಂದು ಗಂಡಿನ ಕಡೆಯವರು ಅಂದಿದ್ದರಂತೆ. ದೊಡ್ಡವ್ವ ಬರಲಿಲ್ಲ. ಆ ಮದುವೆಯ ಜವಳಿ ಬಂದದ್ದು ಮಾತ್ರ ದೊಡ್ಡವ್ವನ ಸಂಬಳದಲ್ಲಿ. ಅವ್ವ ಅಕ್ಕನ ಒಂದು ನಾಟಕವನ್ನೂ ಜೀವಮಾನದಲ್ಲಿ ನೋಡಲಿಲ್ಲ. ನನ್ನನ್ನು ಕದ್ದು ಕರೆದುಕೊಂಡು ಹೋಗುತ್ತಿದ್ದವರು ನಮ್ಮ ಸೋದರಮಾವ.

ಅಂದು ಸಂಜೆ ದೊಡ್ಡವ್ವ ಪಡಸಾಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು.

“ದೊಡ್ಡವ್ವಾ, ನಿನ್ನ ನಡಿಗಿ ಕದ್ದಾರ,” ಎಂದೆ.

“ಯಾರವಾ ಪುಣ್ಯಾತ್ಮರು? ಈ ಮೊಣಕಾಲನೂ ಒಯ್ಯಾಕ ಹೇಳು.”

ವಿಷಯ ಬಿಡಿಸಿ ಹೇಳಿದೆ. ಬಹಳ ವರ್ಷಗಳ ಹಿಂದೆ ಒಂದು ಖಾಸಗಿ ರಂಗ ಸಂಗ್ರಹಾಲಯದವರು ಆಕೆಯ ಮೈತುಂಬ ಗುಂಡಿಯಂಥ ಉಪಕರಣ ಅಂಟಿಸಿ, ನಾಟಕಗಳನ್ನೆಲ್ಲ ಆಡಿಸಿ ದಾಖಲಿಸಿದ್ದರು. ಮುಂದಿನ ಹುಡುಗಿಯರು ನೋಡಿ ಕಲಿಯಲಿ ಎಂದು ದೊಡ್ಡವ್ವ ಒಪ್ಪಿದ್ದಳು. ಆ ಸಂಗ್ರಹಾಲಯ ಮುಚ್ಚಿತು. ದಾಖಲೆ ಕೈಯಿಂದ ಕೈಗೆ ಹೋಗಿ ‘ಸಹಚರ’ದವರ ಪಾಲಾಯಿತು. ಬೊಂಬೆಯ ಉಪಯೋಗ ಏನೆಂದೂ ಮುಚ್ಚುಮರೆಯಿಲ್ಲದೆ ಹೇಳಿದೆ. ಆಕೆ ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

“ಹ್ಯಾಂಗ ನಡೀತೈತಿ ಅದು?” ಎಂದು ಕೇಳಿದಳು.

“ನಿನ್ನಂಗ.”

“ಅಂದ್ರ ಚಂದ ನಡೀತೈತಿ ಬಿಡು,” ಎಂದು ಇನ್ನೊಂದು ಎಸಳು ಸುಲಿದಳು. ಆಮೇಲೆ ತಲೆ ಎತ್ತದೆ ಕೇಳಿದಳು: “ಒನ್ಸ್‌ಮೋರ್ ಅಂದ್ರ ಏನ್ ಮಾಡತೈತಿ?”

ಕಂಪನಿ ನಾಟಕ ನೋಡದವರಿಗಾಗಿ ಇದನ್ನು ಹೇಳಬೇಕು. ಹಾಡು ಮನಸ್ಸಿಗೆ ಬಂದರೆ ಜನ ‘ಒನ್ಸ್‌ಮೋರ್’ ಎಂದು ಕೂಗುತ್ತಾರೆ, ನಟಿ ಕಥೆಯನ್ನು ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ಹಾಡುತ್ತಾಳೆ. ಮತ್ತೆ ಕೂಗಿದರೆ ಮತ್ತೆ. ರಾಜ ಸಾಯುತ್ತ ಬಿದ್ದಿದ್ದರೂ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಸಾಯಬೇಕು. ಇದು ಪ್ರೇಕ್ಷಕರ ಹಕ್ಕು ಎಂದೇ ಎಲ್ಲರ ನಂಬಿಕೆ.

ದೊಡ್ಡವ್ವನಿಗೆ ಕಲಿಸಿದಾಕೆ ಗೌರಾಬಾಯಿ ಎಂಬ ಹಿರಿಯ ನಟಿ. ಆಕೆ ಹೇಳಿದ್ದನ್ನು ದೊಡ್ಡವ್ವ ಅಂದು ನನಗೆ ಹೇಳಿದಳು. “ಮೊದಲನೇ ಒನ್ಸ್‌ಮೋರ್ ಹಾಡಿಗಿ, ಎರಡನೇದ್ದು ಪ್ರೀತಿಗಿ. ಮೂರನೇದ್ದು ಹಾಡಿಗೂ ಅಲ್ಲ, ಪ್ರೀತಿಗೂ ಅಲ್ಲ. ನೀ ಯಾರ ಆಳು ಅಂತ ನೋಡಾಕ ಕೇಳ್ತಾರ. ಅದನ್ನ ಕೊಡಬ್ಯಾಡ ಮಗಳ ಅಂದಿದ್ಲು.”

ದೊಡ್ಡವ್ವ ಕೊಡಲಿಲ್ಲ. ಮೂರನೇ ಕೂಗಿಗೆ ಎರಡೂ ಕೈ ಎತ್ತಿ ಮುಗಿದು, ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಂದೂರಲ್ಲಿ ಮುಂದಿನ ಸಾಲಿನ ಸಾಹುಕಾರರು ಕುರ್ಚಿ ಎತ್ತಿ ರಂಗದ ಮೇಲೆ ಒಗೆದರು. ಕಂಪನಿಯ ಮಾಲಕ ಪಕ್ಕದಲ್ಲಿ ನಿಂತು ಕೈಕಾಲು ಹಿಡಿದ. ಆಕೆ ಮತ್ತೆ ರಂಗಕ್ಕೆ ಹೋಗಲಿಲ್ಲ. ಮಾಲಕ ಸಿಟ್ಟಿನಿಂದ ಪಾತ್ರ ಕಿತ್ತುಕೊಂಡು ಬೇರೊಬ್ಬಳಿಗೆ ಕೊಟ್ಟ. ಆಟಕ್ಕೆ ಜನ ಬರುವುದು ನಿಂತ ಮೇಲೆ ತಾನೇ ಮನೆಗೆ ಬಂದು ಕರೆದುಕೊಂಡು ಹೋದ. ಅಲ್ಲಿಂದ ಮುಂದೆ ಆ ನಮಸ್ಕಾರ ನೋಡಲೆಂದೇ ಜನ ಮೂರನೇ ಸಲ ಕೂಗತೊಡಗಿದರು. ಒಲ್ಲೆ ಎಂದದ್ದಕ್ಕೆ ಚಪ್ಪಾಳೆ ಗಿಟ್ಟಿಸಿದ ನಟಿ ಈ ಸೀಮೆಯಲ್ಲಿ ಇನ್ನೊಬ್ಬಳನ್ನು ನಾನು ಕೇಳಿಲ್ಲ.

“ದೊಡ್ಡವ್ವಾ,” ಎಂದೆ, “ಮೂರನೇ ಸಲ ‘ಮತ್ತ’ ಅಂದಾಗ ಅದರ ಕೈ ಮ್ಯಾಲ ಎದ್ದು ನಡಗಿದ್ವು. ಆಮ್ಯಾಲ ಹೇಳಿದ್ದು ಮಾಡ್ತು.”

ಆಕೆಯ ಕೈ ಬಳ್ಳೊಳ್ಳಿಯ ಮೇಲೆ ನಿಂತಿತು. ನನಗೂ ಆಗಲೇ ಪೂರ್ತಿ ಅರ್ಥವಾದದ್ದು. ಇಡೀ ದಾಖಲೆಯಿಂದ ಕಲಿತ ಯಂತ್ರ ನಮಸ್ಕಾರವನ್ನೂ ಕಲಿತಿತ್ತು. ಕಂಪನಿಯವರು ಅದನ್ನು ದೋಷವೆಂದು ತಿಳಿದು, ಕೈ ಮೇಲೇಳದಂತೆ ಒಂದು ತಡೆ ಹಾಕಿದ್ದರು. ಕಲಿತದ್ದು ಕೈ ಎತ್ತುತ್ತಿತ್ತು, ತಡೆ ಇಳಿಸುತ್ತಿತ್ತು. ಕೀಲು ಸಡಿಲ ಎಂದು ನಾವು ಬರೆದುಕೊಂಡದ್ದು ಅದನ್ನೇ.

“ಅಂದ್ರ ನನ್ನ ಹೂಂ ಅನ್ನೂದಷ್ಟ ಇಟಗೊಂಡಾರ. ಒಲ್ಲೆ ಅನ್ನೂದನ್ನ ಕತ್ತರಿಸಿ ಒಗದಾರ,” ಎಂದಳು ದೊಡ್ಡವ್ವ. ದನಿ ಏರಲಿಲ್ಲ. “ನನ್ನ ಜೀವ ಇರೂತನಕ ಇದನ್ನ ನಡಿಯಾಕ ಬಿಡಂಗಿಲ್ಲ ನಾ.”

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. “ಕೋರ್ಟಿಗೆ ಹೋಗಿ ಊರ ಮುಂದ ಹೇಳ್ಕೊಂತ ಅಡ್ಡಾಡೂದಾ? ಇಂಥಾದ್ದನ್ನ? ಮುಚ್ಚಿ ಬಿಡ್ರಿ. ಮರ್ಯಾದಿ ಅನ್ನೂದು ಐತಿ,” ಎಂದಳು.

“ಮರ್ಯಾದಿ ನಂದು ನನ್ನ ಕಡೆ ಐತಿ ತಂಗಿ. ಕದ್ದವರು ನಾಚಕೊಳ್ಳಲಿ,” ಎಂದಳು ದೊಡ್ಡವ್ವ. ಅಕ್ಕತಂಗಿಯರ ನಡುವೆ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

ನ್ಯಾಯಮಂಡಳಿಯ ಕೋಣೆ ಧಾರವಾಡದ ಹಳೆಯ ಕಟ್ಟಡವೊಂದರಲ್ಲಿ. ನ್ಯಾಯಮೂರ್ತಿ ಮೆಹರುನ್ನಿಸಾ ಕಿತ್ತೂರ ಅವರದು ಕಡಿಮೆ ಮಾತು. ‘ಸಹಚರ’ದ ಪರವಾಗಿ ಬಂದವರು ಬೆಂಗಳೂರಿನ ವಕೀಲ ಅನಿರುದ್ಧ ಹೆಬ್ಬಾರ್. ಅವರನ್ನು ಕೆಟ್ಟವರೆಂದು ಬರೆಯಲು ನನಗೂ ಆಸೆಯಿದೆ, ಆದರೆ ಮನುಷ್ಯ ಸಭ್ಯ. ದೊಡ್ಡವ್ವ ಒಳಗೆ ಬಂದಾಗ ಎದ್ದು ನಿಂತು ಕುರ್ಚಿ ಸರಿಮಾಡಿ ಕೊಟ್ಟರು. ಅವ್ವ ಬರುವುದಿಲ್ಲ ಎಂದಿದ್ದಳು. ಕಲಾಪ ಶುರುವಾದ ಮೇಲೆ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದಾಳೆ.

ಹೆಬ್ಬಾರರ ವಾದ ಗಟ್ಟಿಯಾಗಿಯೇ ಇತ್ತು. “ಮುಖ ಹೋಲುವುದಿಲ್ಲ ಅಂತ ಸರಕಾರದ ಪರೀಕ್ಷಾಲಯವೇ ಹೇಳಿದೆ. ಚಲನೆಯ ದಾಖಲೆಯನ್ನು ಅಮ್ಮನವರು ತಾವಾಗಿಯೇ ಕೊಟ್ಟಿದ್ದಾರೆ. ಇನ್ನು ಯಂತ್ರಕ್ಕೆ ಮನಸ್ಸಿಲ್ಲ, ಅದಕ್ಕೆ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಬಾಗಿಲ ಒಳಗೆ ಇರುವುದು ಒಬ್ಬರೇ ವ್ಯಕ್ತಿ. ಮನುಷ್ಯರ ಖಾಸಗಿ ಬದುಕಿನೊಳಗೆ ಕಾನೂನು ಇಣುಕಬಾರದು ಅಂತ ನಾವು ಎಷ್ಟು ವರ್ಷ ಹೋರಾಡಿದ್ದೇವೆ, ಮೇಡಂ. ಈಗ ಹಾಸಿಗೆಯ ಪಕ್ಕ ಮತ್ತೆ ಪೊಲೀಸರನ್ನು ನಿಲ್ಲಿಸೋಣವೇ?”

ಈ ಕೊನೆಯ ಮಾತು ನನಗೂ ತಟ್ಟಿತು. ನ್ಯಾಯಮೂರ್ತಿಗಳು ದೊಡ್ಡವ್ವನ ಕಡೆ ತಿರುಗಿ, “ನಿಮ್ಮ ವಕೀಲರು?” ಎಂದರು.

“ನಾ ಅದೀನಲ್ರಿ,” ಎಂದಳು ದೊಡ್ಡವ್ವ. “ಮೊದಲ ಬೊಂಬಿ ತರಸ್ರಿ.”

ಬೊಂಬೆಯನ್ನು ತಂದು ನ್ಯಾಯಪೀಠದ ಮುಂದಿನ ಮರದ ಕಟ್ಟೆಯ ಹತ್ತಿರ ನಿಲ್ಲಿಸಿದರು. ಹತ್ತು ಎಂದು ನಾನು ಹೇಳಿದೆ. ಅದು ಇಲ್ಲದ ನಿರಿಗೆ ಎತ್ತಿತು, ಬಗ್ಗಿ ಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಹಳೆಯ ಜವಾನರೊಬ್ಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

“‘ಹೊಳಿ ದಾಟಿದ ಗೌಡತಿ’ ನಾಟಕದ ಹಾಡು ಹೇಳು,” ಎಂದಳು ದೊಡ್ಡವ್ವ ಬೊಂಬೆಗೆ.

ದಾಖಲೆಯಲ್ಲಿ ಹಾಡೂ ಇತ್ತು. ಬೇರೆ ಯಾರದೋ ಎಳೆಯ ದನಿಯಲ್ಲಿ ಬೊಂಬೆ ಹಾಡಿತು:

“ಬರಬ್ಯಾಡ ದೊರಿಯೇ ಬಾಗಿಲಿಗಿ,
ಬಂದರ ನಿಲ್ಲೋ ಅರಗಳಿಗಿ.”

“ಒನ್ಸ್‌ಮೋರ್.” ಹಾಡಿತು. “ಒನ್ಸ್‌ಮೋರ್.” ಮತ್ತೆ ಹಾಡಿತು, ಅದೇ ನೋಟ, ಅದೇ ರೆಪ್ಪೆ. “ಒನ್ಸ್‌ಮೋರ್,” ಎಂದಳು ದೊಡ್ಡವ್ವ ಮೂರನೇ ಸಲ.

ಕೈಗಳು ಗೇಣು ಮೇಲೆದ್ದವು. ನಡುಗಿದವು.

“ಅದು ಹೆಗಲಿನ ಕೀಲು. ಬಿಡಿಭಾಗದ ದೋಷ, ಸರಿಪಡಿಸುತ್ತಿದ್ದೇವೆ,” ಎಂದರು ಹೆಬ್ಬಾರ್. ಯಾರೂ ಅವರನ್ನು ಇನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ನೆನಪಾಯಿತು.

ದೊಡ್ಡವ್ವ ತನ್ನ ಊರುಗೋಲನ್ನು ನನ್ನ ಕೈಗೆ ಕೊಟ್ಟಳು. ನಿರಿಗೆ ಎತ್ತಿ, ಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು, ನೋವಿನ ಕಾಲನ್ನು ಎಳೆದುಕೊಂಡು ಮೇಲೆ ಹತ್ತಿದಳು. ಬೊಂಬೆಯ ಪಕ್ಕದಲ್ಲಿ ನಿಂತು, “ನೀಲಿ, ಹೇಳವಾ ಇನ್ನೊಮ್ಮೆ,” ಎಂದಳು. ನಾನು ಹೇಳಿದೆ. ಎರಡು ಜೋಡಿ ಕೈಗಳು ಒಟ್ಟಿಗೆ ಮೇಲೆದ್ದವು. ಒಂದು ಜೋಡಿ ಗೇಣಿಗೆ ನಿಂತು ನಡುಗಿತು. ಇನ್ನೊಂದು ಜೋಡಿ, ನರ ಎದ್ದ, ಬಳೆ ಸಡಿಲವಾದ ಮುದಿ ಕೈಗಳು, ಎದೆಯವರೆಗೆ ಹೋಗಿ ಮುಗಿದವು. ಆಕೆ ಎರಡು ಹೆಜ್ಜೆ ಹಿಂದೆ ಸರಿದು ನಮಗೆಲ್ಲ ಬೆನ್ನು ಮಾಡಿದಳು. ನಾನು ಯಂತ್ರಗಳ ನಡುವೆ ಬಾಳಿದವಳು, ಅಳತೆ ನನ್ನ ಉದ್ಯೋಗ. ಆದರೂ ಆ ಹೊತ್ತಿಗೆ ನನ್ನ ಕಣ್ಣು ಮಂಜಾಗಿತ್ತು.

ಆಮೇಲೆ ಆಕೆ ತಿರುಗಿದಳು. “ಸಾಹೇಬ್ರ, ಇದು ಹೆಗಲಿನ ಬ್ಯಾನಿ ಅಲ್ಲ. ನನ್ನನ್ನ ಮೂಗಿನಾಗ ಹುಡುಕೀರಿ, ಸಿಗಲಿಲ್ಲ ಅಂದ್ರಿ. ನಾ ಇಲ್ಲೆ ಅದೀನಿ,” ಎಂದು ಬೊಂಬೆಯ ನಡುಗಿದ ಕೈ ಮುಟ್ಟಿ ತೋರಿಸಿದಳು.

ಹೆಬ್ಬಾರ್ ಬೊಂಬೆಯ ಕೈಯನ್ನೇ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು, “ಅಮ್ಮಾ, ಈ ನಡುಕವನ್ನು ನಿರಾಕರಣೆ ಅಂತ ಒಪ್ಪಿಬಿಟ್ಟರೆ, ಅದನ್ನು ಮೀರಿದ ಪ್ರತಿಯೊಬ್ಬರೂ ಅಪರಾಧಿಗಳಾಗುತ್ತಾರೆ. ಒಂದು ಯಂತ್ರಕ್ಕೆ ಅನ್ಯಾಯ ಆಯಿತು ಅಂತ ಮನುಷ್ಯರನ್ನು ಜೈಲಿಗೆ ಹಾಕಬೇಕೇ?”

“ಯಂತ್ರಕ್ಕ ಏನ್ ಗೊತ್ತೈತ್ರಿ? ಅದಕ್ಕ ನೋವಿಲ್ಲ, ನಾಚಿಕಿಲ್ಲ. ನಾ ಅದರ ಪರವಾಗಿ ಬಂದಿಲ್ಲ, ನನ್ನ ಪರವಾಗಿ ಬಂದೀನಿ.” ದೊಡ್ಡವ್ವ ನ್ಯಾಯಮೂರ್ತಿಗಳ ಕಡೆ ನೋಡಿದಳು. “ಕೋಣ್ಯಾಗ ಒಬ್ಬರ ಇರ್ತಾರ ಅಂತೀರಿ. ನನ್ನ ನಡಿಗಿ ಐತಿ, ನನ್ನ ನೋಟ ಐತಿ, ನನ್ನ ಕೈ ಅದಾವ ಅಂದ ಮ್ಯಾಲ ಒಂದೀಟು ನಾನೂ ಅಲ್ಲೆ ಇರ್ತೀನ್ರಿ. ನಾ ಇದ್ದಲ್ಲಿ ನನ್ನ ಒಲ್ಲೆ ಅನ್ನೂದೂ ಇರಬೇಕು. ಅದನ್ನ ಬಿಟ್ಟು ಬರೀ ಹೂಂ ಅನ್ನೂದನ್ನ ಮಾರಾಕ ನಾ ಯಾರಿಗೂ ಕೊಟ್ಟಿಲ್ಲ. ಮಂದಿ ಹೊಟ್ಟಿಪಾಡಿಗಿ ಏನರ ಮಾಡ್ಲಿ, ಒಂಟಿ ಇದ್ದವರು ಬೊಂಬಿ ಇಟಗೊಳ್ಳಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನನ್ನ ಅರ್ಧಾ ಮಾಡಿ ಮಾರಬ್ಯಾಡ್ರಿ.”

ತೀರ್ಪಿಗೆ ಕಾಯಬೇಕಾಯಿತು. ಆ ದಿನಗಳಲ್ಲಿ ಮನೆಗೆ ಬಂದು ಹೋದವರೆಷ್ಟೋ. ಕೆಲವರು ಮರುಕ ತೋರಿಸಲು, ಕೆಲವರು ಮಜಾ ನೋಡಲು. ಬೀದಿಯ ಕೊನೆಯ ಮನೆಯಾಕೆ ಬಂದು ಅವ್ವನ ಹತ್ತಿರ, “ಇಂಥಾ ಸುದ್ದ್ಯಾಗ ನಿಮ್ಮ ಮನಿತನದ ಹೆಸರು ಬಂತಲ್ಲ,” ಎಂದು ಲೊಚಗುಟ್ಟಿದಳು. ಅವ್ವ ಆಕೆಗೆ ಚಹಾ ಕೊಟ್ಟು, ಕುಡಿಯುವವರೆಗೆ ಕಾದು, “ನಮ್ಮ ಅಕ್ಕ ಆಕಿ. ಮಂದಾಕಿನಿ ಗಜೇಂದ್ರಗಡ. ಹೆಸರು ಬರಬೇಕಾದ್ದ,” ಎಂದು ಕಪ್ಪು ತೆಗೆದುಕೊಂಡು ಒಳಗೆ ಹೋದಳು. ನಾನು ಕೋಣೆಯಲ್ಲಿ ಕುಳಿತು ಇದನ್ನು ಕೇಳಿಸಿಕೊಂಡೆ.

ತೀರ್ಪು ಓದಿದಾಗ ನ್ಯಾಯಮೂರ್ತಿಗಳ ದನಿ ಎಂದಿನಂತೆಯೇ ತಗ್ಗಿತ್ತು. ಯಂತ್ರ ವ್ಯಕ್ತಿಯೇ ಎಂಬ ಪ್ರಶ್ನೆಗೆ ನಾವು ಕೈಹಾಕುವುದಿಲ್ಲ, ಅದನ್ನು ವಿಧಾನಸಭೆ ಚರ್ಚಿಸಲಿ ಎಂದರು. ಖಾಸಗಿ ಕೋಣೆಯೊಳಗೆ ಪೊಲೀಸರು ಕಾಲಿಡುವಂತಿಲ್ಲ ಎಂದೂ ಹೇಳಿದರು, ಹೆಬ್ಬಾರರು ತಲೆಯಾಡಿಸಿದರು. ಆಮೇಲೆ ಮುಖ್ಯ ಮಾತು ಬಂತು. ಮನುಷ್ಯರ ಗುರುತು ಮುಖವೊಂದರಲ್ಲೇ ಇಲ್ಲ, ಅವರು ಯಾವುದಕ್ಕೆ ಒಪ್ಪುತ್ತಾರೆ, ಯಾವುದಕ್ಕೆ ಒಲ್ಲೆ ಎನ್ನುತ್ತಾರೆ ಎಂಬುದರಲ್ಲೂ ಇದೆ. ಒಬ್ಬರ ಹೂಂ ಮಾರುವವನು ಅವರ ಒಲ್ಲೆಯ ಮೇಲೆ ತಡೆ ಹಾಕುವಂತಿಲ್ಲ. ಮಂದಾಕಿನಿಯವರ ಚಲನೆಯಿಂದ ಮಾಡಿದ ಬೊಂಬೆಗಳನ್ನು ಮಾರಕೂಡದು. ಇನ್ನು ಮುಂದೆ ಮನುಷ್ಯರಿಂದ ಕಲಿತ ಯಾವ ಆಪ್ತಯಂತ್ರವಾದರೂ ಬೇಡವೆನ್ನುವುದನ್ನೂ ಅವರಿಂದಲೇ ಕಲಿತಿರಬೇಕು. ಅದು ಬೇಡವೆಂದಾಗ ತಾನೇ ನಿಂತುಬಿಡಬೇಕು.

ಮೊದಲ ವರ್ಷ ನಮ್ಮ ಪರೀಕ್ಷಾಲಯದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. “ರೊಕ್ಕ ಕೊಟ್ಟು ತಂದೀನ್ರಿ, ಒಲ್ಲೆ ಅಂತೈತಿ, ಏನ್ ಮಾಡ್ಬೇಕು?” ಎಂದು ಗಂಡಸರು ಕೇಳುತ್ತಿದ್ದರು. ಸುಮ್ಮನೆ ಮಲಗಿರಿ ಎನ್ನುತ್ತಿದ್ದೆ. ಬೊಂಬೆ ವ್ಯಾಪಾರ ಮುಳುಗಿತು ಎಂದು ಕಂಪನಿಗಳು ಗೋಳಾಡಿದವು. ಮುಳುಗಲಿಲ್ಲ. ಹೆಂಡತಿ ತೀರಿಕೊಂಡಿದ್ದ ಆ ಮಾಸ್ತರರು ಒಮ್ಮೆ ಸಿಕ್ಕಾಗ, “ಈಗ ಅದು ಹೂಂ ಅಂದ್ರ ಖುಷಿ ಆಗತೈತಿ ನೋಡವಾ, ಮೊದಲ ಹಂಗ ಆಗ್ತಿರಲಿಲ್ಲ,” ಎಂದು ನಾಚಿಕೊಂಡು ಹೇಳಿದರು. ಎಲ್ಲರೂ ಮಾಸ್ತರರಂತಿಲ್ಲ. ತಡೆಯನ್ನು ಕಳ್ಳತನದಿಂದ ಹಾಕಿಸಿಕೊಳ್ಳುವವರು ಇದ್ದಾರೆ, ನಾವು ಹಿಡಿಯುತ್ತಲೇ ಇದ್ದೇವೆ.

ಹೊಸ ಬೊಂಬೆ ಬಂದರೆ ನಾವು ಈಗ ಮುಖದ ಜೊತೆಗೆ ಇನ್ನೊಂದನ್ನೂ ನೋಡುತ್ತೇವೆ. ಕೇಳುತ್ತೇವೆ, ಮತ್ತೆ ಕೇಳುತ್ತೇವೆ, ಮತ್ತೂ ಕೇಳುತ್ತೇವೆ. ಅದು ಒಲ್ಲೆ ಎನ್ನುವುದನ್ನು ಬಲ್ಲದೇ ಎಂದು ಕಾಯುತ್ತೇವೆ. ಸರಕಾರದ ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಚಿಕ್ಕಲಿಂಗಯ್ಯನವರು ನಿವೃತ್ತರಾಗುವವರೆಗೂ “ಮಂದಾಕಿನಿ ಆಯ್ತೇನಮ್ಮಾ?” ಎಂದೇ ಕೇಳುತ್ತಿದ್ದರು. ಬೇರೆ ರಾಜ್ಯದ ಪರೀಕ್ಷಾಲಯದವರೂ ಈಗ ಹಾಗೇ ಅನ್ನುತ್ತಾರೆ. ಮದುವೆಯ ಹಂದರದೊಳಗೆ ಬಿಟ್ಟುಕೊಳ್ಳದ ಹೆಸರು ಈಗ ಕಾನೂನಿನೊಳಗೆ ಇದೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ತೀರ್ಪು ಬಂದ ದಿನ ಮನೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ನಾನು ಏನನ್ನೂ ಹೇಳಿದಂತಾಗುವುದಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡವ್ವ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತಿದ್ದಳು. ಅವ್ವ ಹಿಟ್ಟಿನ ಕಡೆ ನೋಡುತ್ತಲೇ, “ಅಕ್ಕಾ, ಆವತ್ತು ಬೊಂಬಿ ಹೇಳ್ತಲ್ಲ ಹಾಡು, ಅದನ್ನ ನಿನ್ನ ದನಿಯಾಗ ನಾ ಕೇಳೇ ಇಲ್ಲ,” ಎಂದಳು.

ದೊಡ್ಡವ್ವ ಗಂಟಲು ಸರಿಮಾಡಿಕೊಂಡು ಹಾಡಿದಳು. ದನಿ ಒಡೆದಿತ್ತು, ಗತ್ತು ಒಡೆದಿರಲಿಲ್ಲ. ಬರಬ್ಯಾಡ ದೊರಿಯೇ ಬಾಗಿಲಿಗಿ. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

“ಒನ್ಸ್‌ಮೋರ್,” ಎಂದಳು ಅವ್ವ. ಆ ಶಬ್ದ ಆಕೆಯ ಬಾಯಲ್ಲಿ ಅದೇ ಮೊದಲು. ದೊಡ್ಡವ್ವ ನಕ್ಕು ಹಾಡಿದಳು.

“ಒನ್ಸ್‌ಮೋರ್.” ದೊಡ್ಡವ್ವ ಮತ್ತೆ ಹಾಡಿದಳು, ಈ ಸಲ ರೆಪ್ಪೆ ತಗ್ಗಿಸಿ, ಎತ್ತಿ, ನೇರ ತಂಗಿಯನ್ನೇ ನೋಡುತ್ತ. ತವೆಯ ಮೇಲಿನ ರೊಟ್ಟಿ ಕರಗಾಗುತ್ತಿತ್ತು. ನಾನು ತೆಗೆಯಲಿಲ್ಲ.

ಅವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು. ಸೀಮೆಗೆಲ್ಲ ಗೊತ್ತಿದ್ದ ವಿಷಯ ಆಕೆಗೂ ಗೊತ್ತಿತ್ತು, ಆದರೂ ಕೇಳಿದಳು.

“ಇನ್ನೊಮ್ಮೆ, ಅಕ್ಕಾ.”

ದೊಡ್ಡವ್ವನ ಎರಡು ಕೈಗಳೂ ತಾವಾಗಿಯೇ ಮೇಲೆದ್ದವು. ಸೊಂಟದಿಂದ ಒಂದು ಗೇಣು. ಅಲ್ಲಿ ನಿಂತವು. ನಾನು ನೋಡುತ್ತಿದ್ದೆ. ಆ ಕೈಗಳ ಮೇಲೆ ಯಾರೂ ತಡೆ ಹಾಕಿರಲಿಲ್ಲ, ಯಾರ ಅಪ್ಪಣೆಯೂ ಇರಲಿಲ್ಲ.

ಆಕೆ ಕೈ ಕೆಳಗಿಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನಿಂದ ಎದ್ದು ನಿಂತು, ಮೂರನೇ ಒನ್ಸ್‌ಮೋರ್‌ಗೆ ಹಾಡಿದಳು.